ಕಾಡಂಚಿನಲ್ಲಿ ನಾಯಿ, ಬೆಕ್ಕು ಸಾಕುವವರಿಗೆ: ವನ್ಯಜೀವಿಗಳಿಗೆ ಕುತ್ತು ತಾರದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

"ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ" ಎನ್ನುತ್ತಾರೆ. ಲಸಿಕೆ ಪುಸ್ತಕ ತೆರೆದರೆ ಅದರಲ್ಲಿರುವುದು ರೇಬೀಸ್‌ನ ಒಂದೇ ಚೀಟಿ. "ರಾತ್ರಿ ಹೊರಗೆ ಬಿಡುವುದೇ ಇಲ್ಲ" ಎನ್ನುತ್ತಾರೆ. ನೋಡಿದರೆ ನಾಯಿ ಅಂಗಳದ ಕಂಬಕ್ಕೆ ಕಟ್ಟಿಸಿಕೊಂಡು ಬಿದ್ದಿರುತ್ತದೆ. ಚಿರತೆಗೆ ಅದಕ್ಕಿಂತ ಸಲೀಸಾದ ಊಟ ಇನ್ನೊಂದಿಲ್ಲ. ಬೆಕ್ಕಿನ ಕೊರಳಿಗೆ ಗೆಜ್ಜೆ ಕಟ್ಟಿ ಹಕ್ಕಿಗಳನ್ನು ಉಳಿಸಿದೆವು ಅಂದುಕೊಳ್ಳುವವರೂ ಇದ್ದಾರೆ. ಇವರಲ್ಲಿ ಯಾರಿಗೂ ಕಾಳಜಿ ಕಡಿಮೆಯಿಲ್ಲ, ದುಡ್ಡೂ ಖರ್ಚಾಗಿದೆ. ಆದರೂ ಕೆಲಸ ಕೆಡುವುದು ಬಹುತೇಕ ಎರಡೇ ಕಾರಣಕ್ಕೆ: ಕ್ರಮ ತಪ್ಪಿರುತ್ತದೆ, ಇಲ್ಲವೇ ಅರ್ಧಕ್ಕೆ ನಿಂತಿರುತ್ತದೆ.

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ, ಕಾಳಿ ಸುತ್ತಲಿನ ಹಳ್ಳಿಗಳು, ಕೊಡಗು ಮತ್ತು ಚಿಕ್ಕಮಗಳೂರಿನ ತೋಟದ ಮನೆಗಳು, ಕೊಪ್ಪಳ ಮತ್ತು ಬಳ್ಳಾರಿ ಸೀಮೆಯ ಹುಲ್ಲುಗಾವಲಿನ ಅಂಚು, ಇಲ್ಲಿ ನಾಯಿ ಬೆಕ್ಕು ಸಾಕುವವರಿಗಾಗಿ ಇದನ್ನು ಬರೆಯಲಾಗಿದೆ. ಪಟ್ಟಣದಲ್ಲಿ ಆಮೆ, ಮೀನು, ಗಿಳಿ ಸಾಕುವವರು ನೇರವಾಗಿ 8ನೇ ಹಂತಕ್ಕೆ ಹೋಗಬಹುದು.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. ನಮ್ಮ ಕಾಡುಗಳ ಸೀಳುನಾಯಿ ಅಳಿವಿನಂಚಿನ ಪ್ರಾಣಿ. ಇಡೀ ಜಗತ್ತಿನಲ್ಲಿ ಮರಿ ಹಾಕುವ ವಯಸ್ಸಿನವು 949ರಿಂದ 2,215 ಮಾತ್ರ ಎಂಬುದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯ ಅಂದಾಜು. ಅವು ಗುಂಪಾಗಿ ಬದುಕುತ್ತವೆ, ಒಂದರ ಮೂತಿಯನ್ನು ಇನ್ನೊಂದು ನೆಕ್ಕುತ್ತವೆ, ಒಂದೇ ಬೇಟೆಗೆ ಬಾಯಿ ಹಾಕುತ್ತವೆ. ಊರನಾಯಿಯಿಂದ ಒಂದಕ್ಕೆ ರೋಗ ತಗುಲಿದರೆ ಇಡೀ ಗುಂಪಿಗೆ ಹಬ್ಬುತ್ತದೆ. 2018ರ ಸೆಪ್ಟೆಂಬರಿನಲ್ಲಿ ಗುಜರಾತಿನ ಗಿರ್ ಕಾಡಿನ ದಲಖಾನಿಯಾ ವಲಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಪರೀಕ್ಷೆಯಲ್ಲಿ ಸಿಕ್ಕಿದ್ದು ನಾಯಿಗಳ ಡಿಸ್ಟೆಂಪರ್ ವೈರಸ್. ತಾಂಜಾನಿಯಾದ ಸೆರೆಂಗೆಟಿಯಲ್ಲಿ 1994ರಲ್ಲಿ ಅದೇ ರೋಗ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕೊಂದಿತ್ತು. ಆದ್ದರಿಂದಲೇ ಮೊದಲ ಹಂತ ಲಸಿಕೆ. ನಾಯಿ ಜಿಂಕೆ ಅಟ್ಟಿದರೆ ಕಣ್ಣಿಗೆ ಕಾಣುತ್ತದೆ. ರೋಗ ದಾಟಿದ್ದು ಯಾರಿಗೂ ಕಾಣುವುದಿಲ್ಲ.

## ಮೊದಲೇ ಹೊಂದಿಸಿಕೊಳ್ಳಬೇಕಾದದ್ದು

- ಪ್ರತಿ ಪ್ರಾಣಿಗೂ ಒಂದೊಂದು ಲಸಿಕೆ ಪುಸ್ತಕ. ಬಾಟಲಿಯ ಮೇಲಿನ ಚೀಟಿ ಅದರಲ್ಲಿ ಅಂಟಿರಬೇಕು. ಬರೀ ಸಹಿ ಸಾಲದು.
- ಕೊರಳಪಟ್ಟಿ, ಅದರ ಮೇಲೆ ಫೋನ್ ನಂಬರ್. ಪಟ್ಟಿ ಮತ್ತು ಕೊರಳ ನಡುವೆ ಎರಡು ಬೆರಳು ಆಡುವಷ್ಟು ಸಡಿಲ ಇರಲಿ.
- 6 ಅಡಿಯ ಗಟ್ಟಿ ಹಗ್ಗ ಅಥವಾ ಲೀಶ್. ಎಳೆದಷ್ಟೂ ಉದ್ದವಾಗುವ ಹಗ್ಗ ಕಾಡಂಚಿಗೆ ಬೇಡ. ನಾಯಿ ನುಗ್ಗಿದರೆ ಕೈಗೆ ಸಿಗುವುದಿಲ್ಲ.
- ರಾತ್ರಿ ಇರಿಸಲು ಮುಚ್ಚಿದ ಜಾಗ.
- ಮುಚ್ಚಳವಿರುವ ಕಸದ ಡಬ್ಬ.
- ಬ್ಲೀಚ್ ದ್ರಾವಣ, ರಬ್ಬರ್ ಕೈಗವಸು, ಸೋಪು.
- ಹತ್ತಿರದ ಪಶು ಆಸ್ಪತ್ರೆ ಮತ್ತು ವಲಯ ಅರಣ್ಯಾಧಿಕಾರಿ ಕಚೇರಿಯ ಫೋನ್ ನಂಬರ್. ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶು ಸಂಜೀವಿನಿ ಸಹಾಯವಾಣಿ 1962.

## ಹಂತ 1: ಲಸಿಕೆ ಪೂರ್ತಿ ಮಾಡಿ

ನಾಯಿಗೆ ಎರಡು ಬೇರೆ ಬೇರೆ ಲಸಿಕೆ ಬೇಕು. ಒಂದು ರೇಬೀಸ್‌ಗೆ. ಇನ್ನೊಂದು ಡಿಸ್ಟೆಂಪರ್, ಪಾರ್ವೊ (ವಾಂತಿ, ರಕ್ತಭೇದಿ ತರುವ ವೈರಸ್), ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ಎಲ್ಲಕ್ಕೂ ಸೇರಿಸಿ ಕೊಡುವ ಸಂಯುಕ್ತ ಲಸಿಕೆ. "ಸೆವೆನ್ ಇನ್ ಒನ್", "ನೈನ್ ಇನ್ ಒನ್" ಎಂದು ಕೇಳುತ್ತಾರಲ್ಲ, ಅದು. ಉಚಿತ ಶಿಬಿರಗಳಲ್ಲಿ ಸಾಮಾನ್ಯವಾಗಿ ಹಾಕುವುದು ರೇಬೀಸ್ ಲಸಿಕೆ ಮಾತ್ರ. ಗಿರ್‌ನಲ್ಲಿ ಸಿಂಹಗಳನ್ನು ಕೊಂದ ರೋಗಕ್ಕೆ ಅದರಿಂದ ಯಾವ ತಡೆಯೂ ಇಲ್ಲ.

ಮರಿಗೆ 6ರಿಂದ 8 ವಾರವಾದಾಗ ಸಂಯುಕ್ತ ಲಸಿಕೆಯ ಮೊದಲ ಡೋಸ್. ಆಮೇಲೆ 3–4 ವಾರಕ್ಕೊಮ್ಮೆ ಮತ್ತೆ ಮತ್ತೆ, 16 ವಾರ ತುಂಬುವವರೆಗೆ. ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ. ವರ್ಷ ತುಂಬಿದಾಗ ಎರಡರದ್ದೂ ಬೂಸ್ಟರ್, ನಂತರ ವೈದ್ಯರು ಬರೆದುಕೊಟ್ಟ ದಿನಾಂಕದಂತೆ. ಹಿಂದಿನ ದಾಖಲೆ ಗೊತ್ತಿಲ್ಲದ ದೊಡ್ಡ ನಾಯಿಯಾದರೆ ಸಂಯುಕ್ತ ಲಸಿಕೆ ಎರಡು ಸಲ, 3–4 ವಾರದ ಅಂತರದಲ್ಲಿ, ಜೊತೆಗೆ ರೇಬೀಸ್ ಲಸಿಕೆ.

ಬಹಳ ಜನ ಎರಡು ಡೋಸ್ ಹಾಕಿಸಿ ನಿಲ್ಲಿಸುವುದು ಇಲ್ಲಿಯೇ. "ಎರಡಾಯಿತಲ್ಲ, ಇನ್ನೇಕೆ?" ಕಾರಣ ತಾಯಿಯ ಹಾಲಿನಲ್ಲಿದೆ. ಹುಟ್ಟಿದ ಕೂಡಲೇ ಕುಡಿದ ಗಿಣ್ಣುಹಾಲಿನಿಂದ ಮರಿಗೆ ಸಿಕ್ಕ ರೋಗನಿರೋಧಕ ಕಣಗಳು ಲಸಿಕೆಯನ್ನೂ ಶತ್ರುವೆಂದು ತಿಳಿದು ಹೊಡೆದುಹಾಕುತ್ತವೆ. ಕೆಲವು ಮರಿಗಳಲ್ಲಿ ಇವು 8 ವಾರಕ್ಕೇ ಕರಗುತ್ತವೆ, ಕೆಲವದರಲ್ಲಿ 16 ವಾರದ ಹತ್ತಿರಕ್ಕೂ ಉಳಿದಿರುತ್ತವೆ. ಯಾವ ಮರಿಯಲ್ಲಿ ಯಾವಾಗ ಕರಗುತ್ತದೆಂದು ಹೊರಗಿನಿಂದ ಹೇಳಲಾಗದು. ಹಾಗಾಗಿ ಕೊನೆಯ ಡೋಸ್ 16 ವಾರಕ್ಕೆ ಅಥವಾ ಆಮೇಲೆ ಬೀಳಲೇಬೇಕು. 12 ವಾರಕ್ಕೇ ಮುಗಿಸಿದ ಮರಿಯ ಪುಸ್ತಕದಲ್ಲಿ ಲಸಿಕೆ ಇರುತ್ತದೆ, ಮೈಯಲ್ಲಿ ಇರದೇ ಹೋಗಬಹುದು.

ಎರಡನೆಯ ತಪ್ಪು ತಂಪಿನದು. ಈ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಪೇಟೆಯ ಔಷಧಿ ಅಂಗಡಿಯಲ್ಲಿ ಕೊಂಡು ಜೇಬಿನಲ್ಲಿಟ್ಟು, ಬಸ್ಸಿನಲ್ಲಿ ಎರಡು ಗಂಟೆ ಬಂದು ತೋಟದಲ್ಲಿ ಚುಚ್ಚಿಸಿದರೆ ನಾಯಿಗೆ ನೋವಾದದ್ದಷ್ಟೇ ಲಾಭ. ತರಲೇಬೇಕಾದರೆ ಥರ್ಮಾಕೋಲ್ ಡಬ್ಬದಲ್ಲಿ ಐಸ್‌ಪ್ಯಾಕ್ ಇಟ್ಟು, ಬಾಟಲಿ ಅದಕ್ಕೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ತನ್ನಿ. ಹೆಪ್ಪುಗಟ್ಟಿದ ರೇಬೀಸ್ ಲಸಿಕೆಯೂ ಕೆಟ್ಟಂತೆಯೇ. ಪುಡಿಗೆ ದ್ರವ ಬೆರೆಸಿದ ಮೇಲೆ ತಡಮಾಡದೆ ಹಾಕಿಸಿ. ನಾಯಿಯನ್ನೇ ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲಕ್ಕಿಂತ ಒಳ್ಳೆಯದು.

ಲಸಿಕೆಗೆ ಒಂದು ವಾರ ಮೊದಲು ಜಂತುಹುಳುವಿನ ಔಷಧಿ ಕೊಡಿ. ಜ್ವರ, ಭೇದಿ, ವಾಂತಿ ಇದ್ದಾಗ ಲಸಿಕೆ ಬೇಡ. ಕೊನೆಯ ಡೋಸ್ ಆದ ಮೇಲೂ ಎರಡು ವಾರ ಮರಿಯನ್ನು ಬೇರೆ ನಾಯಿಗಳ ಜೊತೆ, ತೋಟದಾಚೆ ಬಿಡಬೇಡಿ. ರಕ್ಷಣೆ ಬೆಳೆಯಲು ಅಷ್ಟು ಸಮಯ ಹಿಡಿಯುತ್ತದೆ.

ಬೆಕ್ಕಿಗೂ ರೇಬೀಸ್ ಲಸಿಕೆ ಬೇಕು, ಜೊತೆಗೆ ಪ್ಯಾನ್‌ಲ್ಯೂಕೋಪೀನಿಯಾ (ವಾಂತಿ, ಭೇದಿ ತರುವ ಮಾರಕ ವೈರಸ್ ರೋಗ) ಸೇರಿದ ಸಂಯುಕ್ತ ಲಸಿಕೆ. ಬೆಕ್ಕಿನ ಪ್ಯಾನ್‌ಲ್ಯೂಕೋಪೀನಿಯಾ ಕಾಡಿನ ಬೆಕ್ಕಿನ ಜಾತಿಗಳಿಗೂ ಹತ್ತುತ್ತದೆ.

ಇನ್ನು ಊರಿನ ಲೆಕ್ಕ. ನಿಮ್ಮ ಒಂದು ನಾಯಿಗೆ ಲಸಿಕೆ ಆಗಿ ಪಕ್ಕದ ತೋಟ ಕಾರ್ಮಿಕರ ಲೈನ್‌ಮನೆಗಳ ನಾಯಿಗಳಿಗೆ ಆಗದಿದ್ದರೆ ಕಾಡಿಗೆ ಹೆಚ್ಚು ಪ್ರಯೋಜನವಿಲ್ಲ. ರೇಬೀಸ್ ಹರಡುವುದು ನಿಲ್ಲಬೇಕಾದರೆ ಒಂದು ಪ್ರದೇಶದ ನಾಯಿಗಳಲ್ಲಿ ಶೇ. 70ಕ್ಕಾದರೂ ಲಸಿಕೆ ಆಗಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಿಸ್ಟೆಂಪರ್ ಗಾಳಿಯ ಹನಿಗಳಿಂದಲೂ ಹರಡುವುದರಿಂದ ಅದಕ್ಕೆ ಇನ್ನೂ ಹೆಚ್ಚು ಬೇಕು. ಊರಿನ ನಾಯಿಗಳನ್ನು ಒಮ್ಮೆ ಬೆಳಗ್ಗೆ, ಒಮ್ಮೆ ಸಂಜೆ ಎಣಿಸಿ ಪಟ್ಟಿ ಮಾಡಿ, ಗ್ರಾಮ ಪಂಚಾಯಿತಿ ಮೂಲಕ ಪಶು ಆಸ್ಪತ್ರೆಗೆ ಅರ್ಜಿ ಕೊಡಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಶಿಬಿರ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಅಭಯಾರಣ್ಯದಿಂದ 5 ಕಿ.ಮೀ. ಒಳಗಿನ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ಲಸಿಕೆ ಹಾಕಿಸುವ ಹೊಣೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ಎ ಕಲಂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಮೇಲೆ ಹೊರಿಸಿದೆ. ದನಗಳಿಗೆ ಶಿಬಿರ ಬಂದಾಗ ನಾಯಿಗಳನ್ನೂ ಸೇರಿಸಿಕೊಳ್ಳಿ ಎಂದು ಮುಂಚಿತವಾಗಿ ಕೇಳಿಡಿ. ಶಿಬಿರದಲ್ಲಿ ಲಸಿಕೆಯಾದ ನಾಯಿಯ ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿದರೆ ಯಾವುದು ಉಳಿದಿದೆ ಎಂಬ ಗೊಂದಲ ಇರುವುದಿಲ್ಲ.

## ಹಂತ 2: ಸಂತಾನಹರಣ

ಲಸಿಕೆ ಮುಗಿದ ಮೇಲೆಯೇ ಇದು. ಶಿಬಿರಗಳಲ್ಲಿ ಹತ್ತಾರು ಕಡೆಯ ನಾಯಿಗಳು ಒಂದೇ ಗೂಡುಗಳಲ್ಲಿ ದಿನಗಟ್ಟಲೆ ಇರುತ್ತವೆ. ಲಸಿಕೆಯಿಲ್ಲದ ನಾಯಿ ಅಲ್ಲಿಂದ ಪಾರ್ವೊ ಅಥವಾ ಡಿಸ್ಟೆಂಪರ್ ಹೊತ್ತು ತೋಟಕ್ಕೆ ಮರಳುತ್ತದೆ.

ಊರ ತಳಿಯ ನಾಯಿಗೆ ಸುಮಾರು 6 ತಿಂಗಳಾದ ಮೇಲೆ ಮಾಡಿಸಬಹುದು. ಭಾರಿ ಗಾತ್ರದ ತಳಿಗಳಿಗೆ ಇನ್ನೂ ತಡವಾಗಿ, ವೈದ್ಯರು ಹೇಳುತ್ತಾರೆ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಊಟ ಬೇಡ, ಇಲ್ಲದಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕ್ಕೆ ಹೋಗುತ್ತದೆ. ಆಮೇಲೆ 10 ದಿನ ಓಡಾಟ ಬೇಡ, ಸ್ನಾನ ಬೇಡ, ಹೊಲಿಗೆ ನೆಕ್ಕದಂತೆ ಕೊರಳಿಗೆ ಶಂಕುವಿನಾಕಾರದ ಕಾಲರ್ ಹಾಕಿ. ಹೊಲಿಗೆ ಕೆಂಪಗೆ ಊದಿದರೆ ಅಥವಾ ಕೀವು ಬಂದರೆ ಅದೇ ದಿನ ಆಸ್ಪತ್ರೆಗೆ.

ಹೆಣ್ಣಿಗೆ ಮಾತ್ರ ಮಾಡಿಸಿ ಗಂಡನ್ನು ಬಿಡುವುದು ಕಾಡಂಚಿನಲ್ಲಿ ದೊಡ್ಡ ತಪ್ಪು. ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಗಂಡುನಾಯಿ ಮೈಲಿಗಟ್ಟಲೆ ಹೋಗುತ್ತದೆ, ದಾರಿಯಲ್ಲಿ ಕಾಡಿದ್ದರೆ ಕಾಡನ್ನೇ ಹಾದು. ಹುಲ್ಲುಗಾವಲು ಸೀಮೆಯಲ್ಲಿ ಇನ್ನೊಂದು ಅಪಾಯವಿದೆ: ತೋಳ ಮತ್ತು ನಾಯಿ ಕೂಡಿ ಮರಿಯಾಗುತ್ತವೆ, ಆ ಮರಿಗಳಿಗೂ ಸಂತಾನವಾಗುತ್ತದೆ. ಪುಣೆಯ ಸುತ್ತಲಿನ ಹುಲ್ಲುಗಾವಲಿನಲ್ಲಿ ಇಂಥ ಮಿಶ್ರತಳಿ ಇರುವುದು ವಂಶವಾಹಿ ಪರೀಕ್ಷೆಯಲ್ಲಿ ಖಚಿತವಾಗಿದೆ. ಕೊಪ್ಪಳ, ಗಂಗಾವತಿ ಕಡೆಯ ತೋಳಗಳ ಸಂಖ್ಯೆ ಮೊದಲೇ ಕಡಿಮೆ. ಅಲ್ಲಿನ ಕುರಿಗಾಹಿಗಳ ಗಂಡುನಾಯಿಗಳಿಗೆ ಸಂತಾನಹರಣ ಆಗುವುದು ತೋಳದ ತಳಿಯನ್ನು ಉಳಿಸುವ ನೇರ ಕೆಲಸ. ಸಂತಾನಹರಣವಾದ ನಾಯಿ ಕುರಿ ಕಾಯುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಕಾವಲು ಗುಣ ಹಾಗೇ ಉಳಿಯುತ್ತದೆ, ಅಲೆಯುವುದು ಕಡಿಮೆಯಾಗುತ್ತದೆ.

ಬೀದಿನಾಯಿಗಳ ಸಂತಾನಹರಣ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸ್ಥಳೀಯ ಸಂಸ್ಥೆಯ ಹೊಣೆ. ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆಂಬುದು ನಿಯಮ. ಪೇಟೆಯ ನಾಯಿಗಳನ್ನು ತಂದು ಕಾಡಿನ ರಸ್ತೆಯಲ್ಲಿ ಇಳಿಸುವ ಗಾಡಿ ಕಂಡರೆ ನಂಬರ್ ಬರೆದುಕೊಂಡು ಪಂಚಾಯಿತಿಗೂ ಅರಣ್ಯ ಇಲಾಖೆಗೂ ತಿಳಿಸಿ.

## ಹಂತ 3: ರಾತ್ರಿಯ ಗೂಡು

ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದ ತೂಕದಲ್ಲಿ ಸುಮಾರು ಶೇ. 39 ನಾಯಿಯೇ ಇತ್ತು. ಅಂಗಳದ ನಾಯಿ ಚಿರತೆಯನ್ನು ಮನೆಯ ಹತ್ತಿರಕ್ಕೆ ಕರೆಯುತ್ತದೆ. ಎರಡು ಸಲ ನಾಯಿ ಸಿಕ್ಕ ಅಂಗಳಕ್ಕೆ ಅದು ಮೂರನೆಯ ಸಲವೂ ಬರುತ್ತದೆ. ಆಮೇಲೆ ಊರಿನವರು ಬೋನು ಇಡಿಸುತ್ತಾರೆ, ಚಿರತೆ ಸೆರೆಯಾಗುತ್ತದೆ, ಖಾಲಿಯಾದ ಆ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ನಾಯಿ ಸಿಗದಿದ್ದರೆ ಈ ಸರಣಿ ಮೊದಲಾಗುವುದೇ ಇಲ್ಲ.

ಮನೆಯೊಳಗೆ ಅಥವಾ ಬಾಗಿಲಿರುವ ಕೊಟ್ಟಿಗೆಯಲ್ಲಿ ಮಲಗಿಸಲು ಸಾಧ್ಯವಿದ್ದರೆ ಗೂಡು ಕಟ್ಟುವ ಖರ್ಚೇ ಬೇಡ. ಕಟ್ಟುವುದಾದರೆ ಮಧ್ಯಮ ಗಾತ್ರದ ಒಂದು ನಾಯಿಗೆ 6 ಅಡಿ ಉದ್ದ, 4 ಅಡಿ ಅಗಲ, ಒಳಗೆ ಬಗ್ಗಿ ತೊಳೆಯಲು ಆಗುವಂತೆ 5 ಅಡಿ ಎತ್ತರ.

1. ಜಾಗ: ಮನೆಯ ಗೋಡೆಗೆ ಒತ್ತಿಕೊಂಡು. ಸುತ್ತ 15–20 ಅಡಿ ಪೊದೆ, ಲಂಟಾನ, ಕಾಫಿ ಗಿಡದ ಮರೆ ಇರಬಾರದು. ಚಿರತೆ ಮರೆಯಿಲ್ಲದ ಜಾಗ ದಾಟಲು ಹಿಂಜರಿಯುತ್ತದೆ.
2. ನೆಲ: ಕಾಂಕ್ರೀಟ್, ಒಂದು ಕಡೆಗೆ ಇಳಿಜಾರು. ಜಾಲರಿಯ ತಳ ಒಂದು ಅಡಿ ಕಾಂಕ್ರೀಟಿನೊಳಗೆ ಹೂತಿರಲಿ.
3. ಗೋಡೆ: ಮೂರು ಕಡೆ 3 ಅಡಿಯವರೆಗೆ ಇಟ್ಟಿಗೆ ಅಥವಾ ಹಲಗೆ. ನಾಲ್ಕೂ ಕಡೆ ತೆರೆದ ಜಾಲರಿಯಿದ್ದರೆ ಹೊರಗೆ ಪ್ರಾಣಿ ಸುತ್ತಿದಾಗ ನಾಯಿ ಹೆದರಿ ಜಾಲರಿಗೇ ಬಡಿದುಕೊಂಡು ಗಾಯವಾಗುತ್ತದೆ.
4. ಜಾಲರಿ: 10 ಗೇಜಿನ ವೆಲ್ಡ್ ಮೆಶ್, ಅಂದರೆ ತಂತಿ 3 ಮಿ.ಮೀ.ಗಿಂತ ದಪ್ಪ. ಕಿಂಡಿ ಒಂದೂವರೆ ಇಂಚಿಗಿಂತ ದೊಡ್ಡದಿರಬಾರದು, ಪಂಜ ಒಳಗೆ ಬರುತ್ತದೆ. ಹೆಣೆದ ಚೈನ್‌ಲಿಂಕ್ ಬೇಲಿ ಮತ್ತು ಕೋಳಿ ಜಾಲರಿ ಎರಡೂ ಚಿರತೆಗೆ ತಡೆಯಲ್ಲ.
5. ಮಾಡು: ಜಾಲರಿ ಮಾಡಿನ ಮೇಲೂ ಬರಬೇಕು, ಅದರ ಮೇಲೆ ಶೀಟು. ಬರೀ ಶೀಟನ್ನು ಚಿರತೆ ಮೇಲಿನಿಂದ ಎಬ್ಬಿ ತೆಗೆಯಬಲ್ಲದು. ಅತಿ ಹೆಚ್ಚು ಗೂಡುಗಳು ಸೋಲುವುದು ಇಲ್ಲಿಯೇ.
6. ಬಾಗಿಲು: ಮೇಲೊಂದು ಕೆಳಗೊಂದು, ಎರಡು ಚಿಲಕ. ಒಂದೇ ಚಿಲಕವಿದ್ದರೆ ತಳ ಬಾಗಿ ಸಂದು ಬೀಳುತ್ತದೆ.
7. ಒಳಗೆ: ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ, ನೀರಿನ ಪಾತ್ರೆ. ಮಲೆನಾಡಿನ ಮಳೆಯಲ್ಲಿ ಹಲಗೆಯಿಲ್ಲದಿದ್ದರೆ ನಾಯಿಗೆ ಚರ್ಮರೋಗ ಖಂಡಿತ.

ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ನಾಯಿ ಒಳಗಿರಲಿ, ಬೆಳಗ್ಗೆ ಚೆನ್ನಾಗಿ ಬೆಳಕಾದ ಮೇಲೆ ಹೊರಗೆ. ನಸುಕಿನಲ್ಲಿ ಹಾಲು ಕರೆಯಲು ಎದ್ದಾಗ "ಒಂದೈದು ನಿಮಿಷ" ಬಿಡುವ ರೂಢಿ ಹಲವು ಮನೆಗಳಲ್ಲಿದೆ. ಅದು ಚಿರತೆ ತಿರುಗುವ ಹೊತ್ತು. ರಾತ್ರಿ ನಾಯಿ ಬೊಗಳಿದರೆ ಬಾಗಿಲು ತೆರೆದು "ಛೂ" ಬಿಡಬೇಡಿ. ಒಳಗಿನಿಂದ ಲೈಟ್ ಹಾಕಿ, ತಗಡು ಬಡಿಯಿರಿ.

ಇಷ್ಟಾದರೂ ನಾಯಿಯನ್ನು ಚಿರತೆ ಹೊತ್ತೊಯ್ದರೆ 1926ಕ್ಕೆ ತಿಳಿಸಿ. ಉಳಿದ ಮಾಂಸಕ್ಕೆ ವಿಷ ಇಡುವುದು ಕಾನೂನಿನ ಪ್ರಕಾರ ಬೇಟೆ. ಅದನ್ನು ತಿನ್ನುವುದು ಚಿರತೆಯೊಂದೇ ಅಲ್ಲ: ಕತ್ತೆಕಿರುಬ, ನರಿ, ಹದ್ದು, ರಣಹದ್ದು, ಕಡೆಗೆ ಪಕ್ಕದ ಮನೆಯ ನಾಯಿಯೂ ಸಾಯುತ್ತದೆ.

## ಹಂತ 4: ಊಟ ಮತ್ತು ಎಂಜಲು

ಹಸಿದ ನಾಯಿಯನ್ನು ಯಾವ ಬೇಲಿಯೂ ತಡೆಯದು. ಗೂಡಿಗೆ ಸೇರಿಸುವ ಹೊತ್ತಿಗೇ ಊಟ ಕೊಟ್ಟರೆ ಒಂದು ವಾರದಲ್ಲಿ ಅದಾಗಿಯೇ ಗೂಡಿಗೆ ಬರುತ್ತದೆ. ಅರ್ಧ ಗಂಟೆಯ ನಂತರ ಉಳಿದದ್ದನ್ನು ತೆಗೆಯಿರಿ. ರಾತ್ರಿಯಿಡೀ ತೆರೆದಿಟ್ಟ ತಟ್ಟೆಗೆ ಕಾಡುಹಂದಿ, ಪುನುಗು, ಮುಳ್ಳುಹಂದಿ ಬರುತ್ತವೆ. ಜೊಲ್ಲಿನ ಮೂಲಕ ರೋಗ ಅತ್ತಿಂದಿತ್ತ ದಾಟುವ ಜಾಗ ಅದೇ. ಕೋಳಿಯ ಕರುಳು, ಮೀನಿನ ತ್ಯಾಜ್ಯವನ್ನು ತೋಟದ ಅಂಚಿಗೆ ಎಸೆಯುವ ಬದಲು ಎರಡು ಅಡಿ ಗುಂಡಿಯಲ್ಲಿ ಮುಚ್ಚಿ.

## ಹಂತ 5: ಹಗಲಿನ ತಿರುಗಾಟ

ಕಾಡಿನ ಗಡಿಯಿಂದ ಈಚೆ ಕೂಡ ಹಗ್ಗ ಕಡ್ಡಾಯ. "ನಮ್ಮದು ಬರೀ ಅಟ್ಟಿಸುತ್ತದೆ, ಕಚ್ಚುವುದಿಲ್ಲ" ಎಂಬ ಮಾತಿನಲ್ಲಿ ಹುರುಳಿಲ್ಲ. ಬಸುರಿ ಜಿಂಕೆಗೆ ಅಟ್ಟಿಸುವುದೇ ಸಾಕು. ತಾಯಿ ಓಡಿದರೆ ಹುಲ್ಲಿನಲ್ಲಿ ಅಡಗಿಸಿಟ್ಟ ಮರಿ ಒಂಟಿಯಾಗುತ್ತದೆ. 1972ರ ಕಾಯ್ದೆಯ ಬೇಟೆಯ ವ್ಯಾಖ್ಯೆಯಲ್ಲಿ ಪ್ರಾಣಿಯನ್ನು ಅಟ್ಟಿಸುವುದೂ ಸೇರಿದೆ. ನಾಯಿಯನ್ನು ಛೂ ಬಿಟ್ಟವರ ಮೇಲೆ ಮೊಕದ್ದಮೆಯಾಗುತ್ತದೆ.

ಹುಲ್ಲುಗಾವಲಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬಳ್ಳಾರಿಯ ಸಿರುಗುಪ್ಪ ಸೀಮೆಯ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ನಾಯಿ ಒಂದು ಸಲ ಮೂಸಿದರೆ ಆ ವರ್ಷದ ಸಂತತಿ ಮುಗಿಯಿತು. ಕುರಿಗಾಹಿಗಳ ನಾಯಿಯನ್ನು ಹಗ್ಗದಲ್ಲಿ ಹಿಡಿದು ತಿರುಗಲಾಗದು. ಅವರು ಮಾಡಬಹುದಾದದ್ದು ಮೂರು: ಮಂದೆ ಹೊರಡುವ ಮುನ್ನ ನಾಯಿಗೆ ಹೊಟ್ಟೆ ತುಂಬ ಹಿಟ್ಟು, ಬೇಕಿರುವುದಕ್ಕಿಂತ ಹೆಚ್ಚು ನಾಯಿ ಒಯ್ಯದಿರುವುದು, ತೋಳದ ಗುಹೆ ಗೊತ್ತಿರುವ ದಿಬ್ಬದ ಕಡೆ ಚಳಿಗಾಲದಲ್ಲಿ ಮಂದೆ ತಂಗದಿರುವುದು.

## ಹಂತ 6: ಉಣುಗು, ಕಜ್ಜಿ ಮತ್ತು ಹಳ್ಳದ ನೀರು

ನಾಯಿಯ ಕಜ್ಜಿ ಸೀಳುನಾಯಿಗೂ ನರಿಗೂ ಹತ್ತುತ್ತದೆ. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಕೂದಲು ಉದುರಿ ಚಕ್ಕೆ ಕಟ್ಟಿದರೆ ಕೂಡಲೇ ತೋರಿಸಿ. ದನಕ್ಕೆ ತಂದ ಐವರ್‌ಮೆಕ್ಟಿನ್ ಅನ್ನು ಅಂದಾಜಿನ ಮೇಲೆ ಚುಚ್ಚಬೇಡಿ. ಕಾಲಿ (Collie) ನಾಯಿಯಂಥ ಕೆಲವು ತಳಿಗಳಿಗೆ ಅದು ಪ್ರಾಣಾಂತಿಕ. ನಾಯಿಗೆಂದು ಕೊಡುವ ಪರ್ಮೆತ್ರಿನ್ ಹನಿ ಬೆಕ್ಕನ್ನು ಕೊಲ್ಲುತ್ತದೆ.

ಬೆನ್ನಿಗೆ ಹಾಕುವ ಉಣುಗು, ಚಿಗಟದ ಹನಿಗಳಲ್ಲಿ ಹಲವದರಲ್ಲಿ ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇರುತ್ತದೆ. ಇವೆರಡೂ ನೀರಿನ ಕೀಟಗಳಿಗೆ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಇಂಗ್ಲೆಂಡಿನ ನದಿಗಳಲ್ಲಿ ಇವು ವ್ಯಾಪಕವಾಗಿ ಸಿಕ್ಕಿವೆ, ಸಾಕುನಾಯಿಗಳ ಮೈ ತೊಳೆದ ನೀರು ಅದಕ್ಕೊಂದು ಮುಖ್ಯ ಮೂಲ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಬೇರೆಲ್ಲೂ ಇಲ್ಲದ ಕಪ್ಪೆ ಮತ್ತು ಮೀನುಗಳಿವೆ, ಅವುಗಳ ಆಹಾರವೇ ಆ ಕೀಟಗಳು. ಹನಿ ಹಾಕಿದ ಮೇಲೆ ಒಂದು ತಿಂಗಳು ನಾಯಿಯನ್ನು ಹಳ್ಳ, ಕೆರೆಗೆ ಇಳಿಸಬೇಡಿ. ಸ್ನಾನ ಮನೆಯಲ್ಲಿ ಮಾಡಿಸಿ, ನೀರು ಇಂಗುಗುಂಡಿಗೆ ಹೋಗಲಿ. ಬಾಚಿದ ಕೂದಲನ್ನು "ಹಕ್ಕಿ ಗೂಡಿಗೆ ಆಗುತ್ತದೆ" ಎಂದು ಹೊರಗೆ ಹಾಕುವುದೂ ಬೇಡ, ಅದರಲ್ಲೂ ಇದೇ ಔಷಧಿ ಇರುತ್ತದೆ.

## ಹಂತ 7: ಬೆಕ್ಕು

ಮಲೆನಾಡಿನಲ್ಲಿ ಬೆಕ್ಕಿಗೆ ಹಾಕುವುದು ಹಾಲನ್ನ. ಬೆಕ್ಕಿನ ದೇಹಕ್ಕೆ ಮಾಂಸದಲ್ಲಷ್ಟೇ ಸಿಗುವ ಟಾರಿನ್ ಬೇಕು. ಅನ್ನ ಹಾಲಿನಲ್ಲಿ ಅದು ಸಾಲುವುದಿಲ್ಲ. ಕೊರತೆಯಾದದ್ದನ್ನು ಅದು ಬೇಲಿಯಾಚೆ ಹುಡುಕುತ್ತದೆ. ಆದ್ದರಿಂದ ಮೊದಲ ಮದ್ದು ತಟ್ಟೆಯಲ್ಲಿದೆ. 2021ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನದಲ್ಲಿ ಮಾಂಸದ ಪ್ರೋಟೀನ್ ಹೆಚ್ಚಿದ್ದ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ. 36 ಇಳಿಯಿತು, ದಿನಕ್ಕೆ 5–10 ನಿಮಿಷ ಆಟವಾಡಿಸಿದಾಗ ಶೇ. 25 ಇಳಿಯಿತು. ಗೆಜ್ಜೆಯಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಕೋಲಿಗೆ ಗರಿ ಕಟ್ಟಿ ಆಡಿಸಿ, ಕಡೆಗೆ ಬೆಕ್ಕು ಅದನ್ನು ಹಿಡಿಯಲು ಬಿಡಿ, ಆಮೇಲೆ ಊಟ ಕೊಡಿ.

ಎರಡನೆಯದು ಹೊತ್ತು. ಸಂಜೆಯಿಂದ ಬೆಳಗಿನವರೆಗೆ ಒಳಗೆ. ಕಾಡುಪಾಪ, ಹಲ್ಲಿ, ಕಪ್ಪೆ ಎಲ್ಲ ಹೊರಬರುವುದು ರಾತ್ರಿಯಲ್ಲೇ. ಹಲವು ಹಕ್ಕಿಗಳ ಮರಿಗಳು ಗೂಡು ಬಿಟ್ಟು ಹಾರಲು ಕಲಿಯುವ ಫೆಬ್ರವರಿಯಿಂದ ಮೇ ತನಕ ಹಗಲಿನಲ್ಲೂ ಒಳಗಿಟ್ಟರೆ ಒಳ್ಳೆಯದು. ಒಳಗಿಡಲು ಹಠಾತ್ತನೆ ಬಾಗಿಲು ಮುಚ್ಚಿದರೆ ಬೆಕ್ಕು ರಾತ್ರಿಯಿಡೀ ಕೂಗಿ, ಮೂರನೆಯ ದಿನ ನೀವೇ ಬಿಟ್ಟುಬಿಡುತ್ತೀರಿ. ಮೊದಲು ಮರಳಿನ ಟ್ರೇ ಅಭ್ಯಾಸ ಮಾಡಿಸಿ. ಪ್ರತಿ ಬೆಕ್ಕಿಗೆ ಒಂದು, ಮೇಲೊಂದು ಹೆಚ್ಚುವರಿ. ಟ್ರೇಯ ಮಲವನ್ನು ಹಳ್ಳದ ಬದಿ ಚೆಲ್ಲಬೇಡಿ, ಅದರಲ್ಲಿರುವ ಟಾಕ್ಸೊಪ್ಲಾಸ್ಮಾ ಎಂಬ ರೋಗಕಾರಕ ಪರೋಪಜೀವಿ ನೀರಿಗೆ ಸೇರುತ್ತದೆ. ಕೊರಳಪಟ್ಟಿ ಹಾಕುವುದಾದರೆ ಎಳೆದರೆ ಬಿಚ್ಚಿಕೊಳ್ಳುವಂಥದ್ದು ಮಾತ್ರ.

## ಹಂತ 8: ಆಮೆ, ಮೀನು, ಗಿಳಿ

ಕೆಂಪು ಕಿವಿಯ ಆಮೆಯನ್ನು ನಾಣ್ಯದ ಗಾತ್ರದಲ್ಲಿ ಮಾರುತ್ತಾರೆ. ಅದು ಊಟದ ತಟ್ಟೆಯಷ್ಟು ಬೆಳೆದು, 20–30 ವರ್ಷ ಬದುಕುತ್ತದೆ. ಬೇಸರವಾದವರು ಕೆರೆಗೆ ಅಥವಾ ದೇವಸ್ಥಾನದ ಕಲ್ಯಾಣಿಗೆ ಬಿಡುತ್ತಾರೆ. ಪುಣ್ಯವೆಂದು ಮಾಡಿದ ಆ ಕೆಲಸದಿಂದ ನಮ್ಮ ಕೆರೆಗಳ ಸ್ಥಳೀಯ ಆಮೆಗಳ ಬಿಸಿಲುಕಲ್ಲು, ಆಹಾರ, ಮೊಟ್ಟೆಯ ಜಾಗ ಎಲ್ಲ ಹೋಗುತ್ತದೆ. ಗಾಜಿನ ತೊಟ್ಟಿ ತೊಳೆಯಲೆಂದು ಸಾಕುವ ಸಕ್ಕರ್ ಮೀನು ಕೂಡ ಹೀಗೇ ಕೆರೆ ಸೇರಿದೆ. ಅದು ದಂಡೆ ಕೊರೆದು ಮೊಟ್ಟೆಯಿಡುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ ಅಥವಾ ಇನ್ನೊಬ್ಬ ಸಾಕಣೆದಾರರಿಗೆ ಕೊಡಿ. ತೊಟ್ಟಿಯ ನೀರನ್ನು ಹೂಗಿಡದ ಬುಡಕ್ಕೆ ಸುರಿಯಿರಿ, ಕೆರೆಗೆ ಹೋಗುವ ಚರಂಡಿಗೆ ಬೇಡ. ತೆಗೆದ ಜಲಸಸ್ಯವನ್ನು ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ.

ನಕ್ಷತ್ರ ಆಮೆ ಮತ್ತು ನಮ್ಮ ದೇಶದ ಗಿಳಿಗಳನ್ನು ಸಾಕುವುದು ಕಾನೂನುಬಾಹಿರ. ಮನೆಯಲ್ಲಿ ಅದೃಷ್ಟಕ್ಕೆಂದು ಇಟ್ಟುಕೊಂಡಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ನೀವೇ ಕಾಡಿಗೆ ಬಿಡಬೇಡಿ: ಪಂಜರದ ಗಿಳಿಗೆ ಆಹಾರ ಹುಡುಕಲು ಬರುವುದಿಲ್ಲ, ಬೇರೆ ಪ್ರದೇಶದಿಂದ ಬಂದ ಆಮೆ ಅಲ್ಲಿನ ರೋಗ ತರುತ್ತದೆ. ಆಫ್ರಿಕನ್ ಗ್ರೇ ಗಿಳಿ, ಬಾಲ್ ಹೆಬ್ಬಾವು, ಇಗ್ವಾನಾದಂಥ ಹೊರದೇಶದ ಸಂರಕ್ಷಿತ ಪ್ರಾಣಿಗಳಿಗೆ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಮರಿಯಾದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ದಾಖಲಿಸಬೇಕು. "ಕಾಗದ ಆಮೇಲೆ ಕೊಡುತ್ತೇನೆ" ಎನ್ನುವ ಮಾರಾಟಗಾರನಿಂದ ಕೊಳ್ಳಬೇಡಿ, ಕಾಡಿನಿಂದ ಹಿಡಿದ ಪ್ರಾಣಿಗೆ ಕಾಗದ ಇರುವುದಿಲ್ಲ.

## ಅಪಾಯದ ಸೂಚನೆಗಳು

ಡಿಸ್ಟೆಂಪರ್: ಕಣ್ಣು ಮೂಗಿನಲ್ಲಿ ಗಟ್ಟಿ ಸಿಂಬಳ, ಜ್ವರ ಬಂದು ಬಿಟ್ಟು ಮತ್ತೆ ಬರುವುದು, ಕೆಮ್ಮು, ಭೇದಿ. ವಾರಗಳ ನಂತರ ಪಾದದ ಮೆತ್ತೆ ಗಡುಸಾಗುತ್ತದೆ, ಚೂಯಿಂಗ್ ಗಮ್ ಜಗಿದಂತೆ ದವಡೆ ಆಡುತ್ತದೆ, ಕಾಲಿನ ಸ್ನಾಯು ಅದುರುತ್ತದೆ. ಮೊದಲ ಲಕ್ಷಣ ಕಂಡ ದಿನವೇ ಬೇರೆ ಇರಿಸಿ. ಗುಣವಾದಂತೆ ಕಂಡರೂ ನಾಯಿ ತಿಂಗಳುಗಟ್ಟಲೆ ವೈರಸ್ ಹೊರಬಿಡಬಹುದು, ವೈದ್ಯರು ಹೇಳುವವರೆಗೆ ತೋಟ ದಾಟಿಸಬೇಡಿ.

ರೇಬೀಸ್: ಸ್ವಭಾವ ತಟ್ಟನೆ ಬದಲಾಗುವುದು, ಬೊಗಳುವ ದನಿ ಒಡೆಯುವುದು, ದವಡೆ ಜೋತು ಬಿದ್ದು ಜೊಲ್ಲು ಸುರಿಯುವುದು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದು ಜೀವಕ್ಕೇ ಅಪಾಯ. ಕಚ್ಚಿದ ಅಥವಾ ಜೊಲ್ಲು ತಾಗಿದ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ನಿಮ್ಮ ನಾಯಿ ಕಾಡುಪ್ರಾಣಿಯ ಜೊತೆ ಕಚ್ಚಾಡಿದರೆ ಲಸಿಕೆಯಾಗಿದ್ದರೂ ಮತ್ತೆ ಡೋಸ್ ಬೇಕು.

ಕಾಡಿನಲ್ಲಿ: ಹಗಲಿನಲ್ಲಿ ಹೆದರದೆ ರಸ್ತೆಯಲ್ಲಿ ನಿಂತ ನರಿ, ತೂರಾಡುವ ಸೀಳುನಾಯಿ, ಮೈಯೆಲ್ಲ ಕೂದಲುದುರಿದ ತೋಳ. ಹತ್ತಿರ ಹೋಗಬೇಡಿ, ನೀರಿಡಬೇಡಿ, ದೂರದಿಂದ ಫೋಟೊ ತೆಗೆದು ಜಾಗ ಗುರುತಿಸಿ 1926ಕ್ಕೆ ಹೇಳಿ. ಊರಿನಲ್ಲಿ ಒಂದೇ ವಾರದಲ್ಲಿ ಎರಡು ಮೂರು ನಾಯಿ ಸತ್ತರೂ ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಅದನ್ನು ಊರಿನ ಸಂಗತಿಯೆಂದು ಬಿಡುವುದರಿಂದಲೇ ಕಾಡಿನ ಸಾವು ತಡವಾಗಿ ಗೊತ್ತಾಗುತ್ತದೆ.

## ಸಾಕಿದ ಪ್ರಾಣಿ ಸತ್ತಾಗ

ಕಾಡಿನ ಬದಿಗೆ ಎಸೆಯಬೇಡಿ. ಕೈಗವಸು ಹಾಕಿ, ಬಾವಿ ಮತ್ತು ಹಳ್ಳದಿಂದ ದೂರ, 4 ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಮೇಲೆ ಭಾರದ ಕಲ್ಲು ಹೇರಿ, ಇಲ್ಲದಿದ್ದರೆ ಹಂದಿ ಅಥವಾ ನರಿ ಕೆದರುತ್ತದೆ. ಆಸ್ಪತ್ರೆಯಲ್ಲಿ ಪೆಂಟೊಬಾರ್ಬಿಟಲ್ ಚುಚ್ಚಿ ದಯಾಮರಣ ಕೊಡಿಸಿದ್ದರೆ ಆಳದಲ್ಲಿ ರಾಜಿ ಬೇಡವೇ ಬೇಡ. ಆ ಮಾಂಸ ತಿಂದ ರಣಹದ್ದು, ನರಿಗಳೂ ಸಾಯುತ್ತವೆ.

ಗೂಡನ್ನು ಮೊದಲು ಸೋಪು ನೀರಿನಿಂದ ಉಜ್ಜಿ, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹಾಕಿ 10 ನಿಮಿಷ ಬಿಟ್ಟು ತೊಳೆಯಿರಿ. ಮಲ ಮಣ್ಣು ಇರುವಾಗಲೇ ಬ್ಲೀಚ್ ಸುರಿದರೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ, ಫಿನೈಲ್ ಪಾರ್ವೊವನ್ನು ಕೊಲ್ಲುತ್ತದೆಂದು ನಂಬುವಂತಿಲ್ಲ. ಡಿಸ್ಟೆಂಪರ್ ವೈರಸ್ ಬಿಸಿಲಿಗೆ ಬೇಗ ಸಾಯುತ್ತದೆ, ಪಾರ್ವೊ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳಿನ ಜಾಗದಲ್ಲಿ ವರ್ಷದವರೆಗೂ ಉಳಿಯಬಲ್ಲದು. ನಾಯಿ ಸತ್ತದ್ದು ಪಾರ್ವೊದಿಂದ ಎಂದಾದರೆ ಅದೇ ಅಂಗಳಕ್ಕೆ 16 ವಾರದ ಡೋಸ್ ಆಗದ ಹೊಸ ಮರಿಯನ್ನು ತರಬೇಡಿ. ಲಸಿಕೆ ಮುಗಿದು ಎರಡು ವಾರ ಕಳೆದ ನಾಯಿಯನ್ನೇ ತನ್ನಿ.